ಕೋಲ್ ಪೋರ್ಟರ್ ಹಾಡುಗಳು: ಮೂರು ಆಲ್ಬಮ್, ಒಂದು ಓರೆ ತೂತು

ತೀರ್ಪನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ಅಮೆರಿಕದ ಹಾಡು ರಚನಕಾರ ಕೋಲ್ ಪೋರ್ಟರ್ ಅವರ ಹಾಡುಗಳಿಗೆಂದೇ ಮೀಸಲಾದ ಮೂರು ಆಲ್ಬಮ್‌ಗಳು ನಮ್ಮ ಮನೆಯಲ್ಲಿವೆ. ಒಂದು ವರ್ಷದಿಂದ ಮೂರನ್ನೂ ತಿರುಗಾಮುರುಗಾ ಕೇಳಿದ್ದೇನೆ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಬಂದು ಕುಳಿತಾಗ ಕೈ ತಾನಾಗಿ ಹೋಗುವುದು ಜಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ 1956ರಲ್ಲಿ ಹಾಡಿದ ಜೋಡಿ ಎಲ್‌ಪಿಯ, ಅಂದರೆ ಎರಡು ಗ್ರಾಮಫೋನ್ ತಟ್ಟೆಗಳ ಸೆಟ್ಟಿನ ಕಡೆಗೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೋಳುಹೊಯ್ದುಕೊಂಡದ್ದೂ ಅದೇ ಎಲ್‌ಪಿ. ಆ ಗೋಳಿನ ಕತೆಯೇ ಈ ಬರಹದ ಮುಕ್ಕಾಲು ಪಾಲು.

ಹೆಸರಿನ ಬಗ್ಗೆ ಒಂದು ಮಾತು. ವೃತ್ತಿಯಿಂದ ನಾನು ಕರಡು ತಿದ್ದುವವಳು, ಆದ್ದರಿಂದ ಇಂಥದ್ದು ಕಣ್ಣಿಗೆ ಚುಚ್ಚುತ್ತದೆ. ಈಕೆಯ ಹೆಸರನ್ನು 'ಎಲ್ಲಾ' ಎಂದು ಬರೆದರೆ ಓದುವವರು 'ಎಲ್ಲವೂ' ಎಂದುಕೊಂಡು ಮುಗ್ಗರಿಸುತ್ತಾರೆ. ಹಾಗಾಗಿ 'ಎಲಾ' ಎಂದೇ ಬರೆಯುತ್ತೇನೆ. 'ಎಲಾ ಇವಳಾ!' ಎಂದು ಬೆರಗಿನಿಂದ ಓದಿಕೊಂಡರೂ ನನ್ನ ತಕರಾರಿಲ್ಲ.

ಉಳಿದ ಎರಡರಲ್ಲಿ ಒಂದು, ಅನಿತಾ ಓಡೇ 1959ರಲ್ಲಿ ಬಿಲ್ಲಿ ಮೇ ಅವರ ವಾದ್ಯವೃಂದದೊಂದಿಗೆ ಹಾಡಿದ್ದು. ಇನ್ನೊಂದು, ಟೋನಿ ಬೆನೆಟ್ ಮತ್ತು ಲೇಡಿ ಗಾಗಾ ಜೊತೆಯಾಗಿ ಹಾಡಿ 2021ರಲ್ಲಿ ಹೊರತಂದ 'ಲವ್ ಫಾರ್ ಸೇಲ್'. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಅರವತ್ತೈದು ವರ್ಷ. ಹಾಡುಗಳು ಮಾತ್ರ ಹೆಚ್ಚುಕಡಿಮೆ ಅವೇ.

ಪೋರ್ಟರ್ 1891ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಪೆರು ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ನ್ಯೂಯಾರ್ಕಿನ ನಾಟಕರಂಗಕ್ಕೆ ಹಾಡು ಬರೆದು ಹೆಸರಾದವರು. ಅವರ ಕಾಲದ ಹೆಚ್ಚಿನ ಹಾಡುಗಳಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು: ಗರ್ಶ್ವಿನ್ ಅವರ ಸ್ವರಕ್ಕೆ ಅಣ್ಣ ಐರಾ ಅವರ ಮಾತು, ರಾಜರ್ಸ್ ಅವರ ಸ್ವರಕ್ಕೆ ಹಾರ್ಟ್ ಅವರ ಮಾತು. ಪೋರ್ಟರ್ ಹಾಗಲ್ಲ, ಮಾತೂ ಧಾತುವೂ ಅವರದೇ. ನಮ್ಮ ಕಡೆಯ ಮಾತಿನಲ್ಲಿ ವಾಗ್ಗೇಯಕಾರ. ಅಂಥವರಿಗೆ ಗೌರವ ಸಲ್ಲಿಸುವ ಆಲ್ಬಮ್‌ನಲ್ಲಿ ರಾಗ ಎಷ್ಟು ಮುಖ್ಯವೋ ಮಾತೂ ಅಷ್ಟೇ ಮುಖ್ಯ ಎಂಬುದು ನನ್ನ ಹಟ. ಈ ಹೋಲಿಕೆ ನಿಂತಿರುವುದೇ ಆ ಹಟದ ಮೇಲೆ; ಒಪ್ಪದವರಿಗೆ ಬೇರೆ ತೀರ್ಪು ಸಿಕ್ಕರೆ ಆಶ್ಚರ್ಯವಿಲ್ಲ.

ಹಟಕ್ಕೊಂದು ಕಾರಣವೂ ಇದೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಪ್ಪನಿಗೆ ಶಾರ್ಟ್‌ವೇವ್ ರೇಡಿಯೊದ ಹುಚ್ಚು. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕೊನೋವರ್ ಎಂಬವರು ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೂ ತಿಳಿಯಲೆಂದು ಬೇಕೆಂದೇ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿಟ್ಟು ಮಾತನಾಡುತ್ತಿದ್ದರು. ಅವರ ಮಾತು ನನಗೆ ಅರ್ಥವಾಗುತ್ತಿತ್ತು, ಅವರು ಹಾಕುತ್ತಿದ್ದ ಹಾಡುಗಳು ಅರ್ಥವಾಗುತ್ತಿರಲಿಲ್ಲ. ಮುರಮುರ ಸದ್ದಿನ ನಡುವೆಯೂ ಪದಪದವಾಗಿ ಕಿವಿಗೆ ಬಿದ್ದ ಮೊದಲ ಹಾಡುದನಿ ಎಲಾ ಅವರದು. ಅವರ ನಿರ್ಮಾಪಕ ನಾರ್ಮನ್ ಗ್ರಾಂಜ್ ಈ ಆಲ್ಬಮ್ಮನ್ನು ಪೋರ್ಟರ್‌ಗೆ ಕೇಳಿಸಿದಾಗ ಅವರು ಮೆಚ್ಚಿ ಆಡಿದ್ದು ಹಾಡುಗಾರಿಕೆಯ ಬಗ್ಗೆ ಅಲ್ಲ, ಈ ಹುಡುಗಿಯ ಉಚ್ಚಾರಣೆ ಎಷ್ಟು ಸೊಗಸು ಎಂದು ಮಾತ್ರ, ಎಂಬ ಕತೆಯೊಂದಿದೆ. ಅದನ್ನು ಕೊಂಕು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಾತು ಹೆಣೆದವರಿಗೆ ತಮ್ಮ ಮಾತು ಒಂದೂ ಉದುರದೆ ಕೇಳುಗರಿಗೆ ತಲುಪಿತು ಎನ್ನುವುದಕ್ಕಿಂತ ದೊಡ್ಡ ಸಮಾಧಾನ ಯಾವುದು? ಕರಡು ತಿದ್ದುವವಳಿಗೆ ಕೇಳಿ.

ಉದುರಬಾರದ ಮಾತು ಎಂದರೆ ಎಂಥದ್ದು ಎಂದು ತೋರಿಸಬೇಕಲ್ಲ. 1934ರ 'ಯು ಆರ್ ದ ಟಾಪ್' ಹಾಡಿನಲ್ಲಿ ಪೋರ್ಟರ್ ಪ್ರಿಯರನ್ನು ಲೋಕದ ಶ್ರೇಷ್ಠ ವಸ್ತುಗಳಿಗೆಲ್ಲ ಹೋಲಿಸುತ್ತಾ ಹೋಗುತ್ತಾರೆ: ರೋಮಿನ ಕೊಲೋಸಿಯಂ, ಲೂವ್ರ್ ಮ್ಯೂಸಿಯಂ, ಮಿಕ್ಕಿ ಮೌಸ್. ಆ ಪಟ್ಟಿಯಲ್ಲಿ ಮಹಾತ್ಮ ಗಾಂಧಿಯೂ ಇದ್ದಾರೆ. ಅವರ ಪಕ್ಕದ ಸಾಲಿನಲ್ಲಿ ಯಾರಿದ್ದಾರೆ ಅನ್ನುತ್ತೀರಿ? ನೆಪೋಲಿಯನ್ ಬ್ರಾಂದಿ. ಊರೂರಿನಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿಸಿದವರನ್ನು ಬಾಟಲಿಯ ಪಕ್ಕ ಕೂರಿಸಿದ್ದು ಪ್ರಾಸದ ಆಸೆಗೆ. ಗಾಂಧಿ, ಬ್ರಾಂದಿ! ಇಂಗ್ಲಿಷಿಗಿಂತ ಕನ್ನಡದಲ್ಲೇ ಅದು ಚೆನ್ನಾಗಿ ಕೂರುತ್ತದೆ.

ಇನ್ನು ಗೋಳಿಗೆ ಬರುತ್ತೇನೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಅಂತರ್ಜಾಲದ ಅಂಗಡಿಯೊಂದರಿಂದ ಈ ಎಲ್‌ಪಿಯನ್ನು ತರಿಸಿಕೊಟ್ಟ. ಹೊಸದಾಗಿ ಅಚ್ಚು ಹಾಕಿದ್ದು, ಎರಡು ತಟ್ಟೆ, 3,600 ರೂಪಾಯಿ. "ಚಿಕ್ಕಮ್ಮ, ಇದೆಲ್ಲ ಮೊಬೈಲ್‌ನಲ್ಲೇ ಸಿಗುತ್ತದೆ" ಎಂದು ಅವನು ಹೇಳಿದ್ದ. ನಾನು ಕೇಳಲಿಲ್ಲ. ಅಪ್ಪ ಬಿಟ್ಟುಹೋದ ರೆಕಾರ್ಡ್ ಪ್ಲೇಯರ್ ಇದೆ, ಹಬ್ಬದ ಮುಂಗಡವಾಗಿ ಬಂದ ಒಂದಿಷ್ಟು ದುಡ್ಡಿದೆ, ಇನ್ನೇನು ಬೇಕು?

ಮೊದಲ ಬದಿ ನಿರಾತಂಕವಾಗಿ ಮುಗಿಯಿತು. ಎರಡನೆಯ ಬದಿಯಲ್ಲಿ ಮೊದಲೆರಡು ಹಾಡುಗಳೂ ಸರಿ ಅನ್ನಿಸಿದವು. ಮೂರನೆಯದು 'ಎವ್ರಿ ಟೈಮ್ ವಿ ಸೇ ಗುಡ್‌ಬೈ'. ನಿಧಾನ ಗತಿಯ ವಿದಾಯದ ಹಾಡು. ಮೇಜರ್‌ನಿಂದ ಮೈನರ್‌ಗೆ, ಅಂದರೆ ಪಾಶ್ಚಾತ್ಯ ಸಂಗೀತದ ಉಲ್ಲಾಸದ ಸ್ವರಮೇಳದಿಂದ ವಿಷಾದದ ಸ್ವರಮೇಳಕ್ಕೆ, ಜಾರುವುದು ಎಷ್ಟು ವಿಚಿತ್ರ ಎಂಬ ಅರ್ಥದ ಸಾಲೊಂದು ಅದರಲ್ಲಿ ಬರುತ್ತದೆ. ಆ ಸಾಲು ಬರುವ ಹೊತ್ತಿಗೆ ಹಿನ್ನೆಲೆಯ ಸ್ವರಮೇಳವೂ ನಿಜವಾಗಿಯೇ ಮೇಜರ್‌ನಿಂದ ಮೈನರ್‌ಗೆ ಜಾರುತ್ತದೆ. ನನ್ನ ಅರೆಬರೆ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ಚತುಶ್ರುತಿ ಧೈವತವಿದ್ದ ಜಾಗಕ್ಕೆ ಸದ್ದಿಲ್ಲದೆ ಶುದ್ಧ ಧೈವತ ಬಂದು ಕೂರುತ್ತದೆ. ಒಂದೇ ಒಂದು ಸ್ವರ ಅರ್ಧ ಮೆಟ್ಟಿಲು ಕೆಳಗಿಳಿಯುತ್ತದೆ, ಇಡೀ ಕೋಣೆಯ ಬೆಳಕು ಬದಲಾದಂತಾಗುತ್ತದೆ. ಮಾತೂ ಧಾತುವೂ ಒಬ್ಬರದೇ ಆದಾಗ ಮಾತ್ರ ಸಾಧ್ಯವಾಗುವ ಕಿತಾಪತಿ ಇದು.

ನನ್ನ ತಟ್ಟೆಯಲ್ಲಿ ಆ ಸ್ವರ ಇಳಿಯಿತು. ಆಮೇಲೆ ಏರಿತು. ಮತ್ತೆ ಇಳಿಯಿತು. ಎಲಾ ಎಳೆದು ಹಿಡಿದ ಪ್ರತಿ ಸ್ವರವೂ ತೊಟ್ಟಿಲಿನಂತೆ ತೂಗುತ್ತಿತ್ತು. ಹಿಂದಿನ ತಂತಿವಾದ್ಯಗಳು ಗಾಳಿಗೆ ಸಿಕ್ಕ ಬಟ್ಟೆಯಂತೆ ಅತ್ತಿತ್ತ ಹೊಯ್ದಾಡುತ್ತಿದ್ದವು. ಎಲಾ ಅವರೇ ಅಪಸ್ವರ ಹಿಡಿದರೇ ಎಂದು ಒಂದು ಕ್ಷಣ ಅನುಮಾನ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ತಪ್ಪು ಪ್ಲೇಯರ್‌ನದಿರಬೇಕು ಎಂದುಕೊಂಡೆ. ಅಪ್ಪನ ಕಾಲದ ಭಾವಗೀತೆಗಳ ತಟ್ಟೆಯೊಂದನ್ನು ಹಾಕಿದೆ. ಶ್ರುತಿ ಕಂಬದಂತೆ ನಿಂತಿತ್ತು. ಮತ್ತೆ ಎಲಾ ಅವರನ್ನು ಹಾಕಿ ಈ ಸಲ ಕಿವಿಯ ಬದಲು ಕಣ್ಣಿಟ್ಟು ನೋಡಿದೆ. ಮುಳ್ಳಿನ ತೋಳು ನೇರವಾಗಿ ಒಳಗೆ ಸರಿಯುವ ಬದಲು ಒಂದೊಂದು ಸುತ್ತಿಗೂ ಎಡಕ್ಕೆ ಬಲಕ್ಕೆ ತೊನೆಯುತ್ತಿತ್ತು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಸ್ವರ ತೂಗುತ್ತಿದ್ದುದೂ ಅದೇ ಲೆಕ್ಕದಲ್ಲಿ. ತಟ್ಟೆಯ ನಡುವಿನ ತೂತು ನಡುವಿನಲ್ಲಿರಲಿಲ್ಲ!

ತೂತು ಗೆರೆಗಳ ಸುತ್ತಿನ ಸರಿಯಾದ ಕೇಂದ್ರದಲ್ಲಿ ಇಲ್ಲದಿದ್ದರೆ ಮುಳ್ಳಿನ ಕೆಳಗೆ ಗೆರೆ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಓಡುತ್ತದೆ. ವೇಗ ಹೆಚ್ಚಿದಾಗ ಶ್ರುತಿ ಏರುತ್ತದೆ, ತಗ್ಗಿದಾಗ ಇಳಿಯುತ್ತದೆ. ಒಂದೇ ಒಂದು ಮಿಲಿಮೀಟರ್ ಓರೆಯಾದರೂ ತಟ್ಟೆಯ ನಡುಭಾಗದ ಹಾಡುಗಳಲ್ಲಿ ಸ್ವರ ಅರ್ಧ ಮೆಟ್ಟಿಲಿನ ಸುಮಾರು ಮೂರನೆಯ ಒಂದು ಭಾಗದಷ್ಟು ಅತ್ತಿತ್ತ ಓಡಾಡುತ್ತದೆ. ಒಳಗಿನ ಗೆರೆಗಳಿಗೆ ಹೋದಷ್ಟೂ ಇನ್ನೂ ಜಾಸ್ತಿ. ಅರ್ಧ ಮೆಟ್ಟಿಲು ಇಳಿಯುವುದರ ಮೇಲೆಯೇ ಇಡೀ ಹಾಡು ನಿಂತಿರುವಾಗ ಈ ಓಡಾಟ ಎಂದರೆ ಏನು, ಯೋಚಿಸಿ.

ಅಂಗಡಿಯವರಿಗೆ ದೂರು ಬರೆಸಿದೆ. ತಟ್ಟೆಯ ಮೇಲೆ ಗೀರು ಇದ್ದರೆ ಫೋಟೊ ಕಳುಹಿಸಿ ಎಂದರು. ಗೀರಿಲ್ಲ, ತೂತು ಓರೆ ಎಂದೆ. ತೂತಿನ ಫೋಟೊ ಕಳುಹಿಸಿ ಎಂದರು. ತೂತಿನ ಫೋಟೊದಲ್ಲಿ ತೂತು ತೂತಿನಂತೆಯೇ ಕಾಣುತ್ತದೆ, ಅದರಲ್ಲಿ ಓರೆ ಹೇಗೆ ಕಂಡೀತು? ಕೊನೆಗೆ ಅಕ್ಕನ ಮಗ ಶನಿವಾರ ಬಂದವನು ತೋಳು ತೊನೆಯುವುದನ್ನು ವೀಡಿಯೊ ಮಾಡಿ ಕಳುಹಿಸಿದ. ಇಪ್ಪತ್ತು ದಿನದ ಮೇಲೆ ಬದಲಿ ಬಂತು. ಆಸೆಯಿಂದ ಬಿಚ್ಚಿ ಹಾಕಿದರೆ ಅದೇ ಬದಿ, ಅದೇ ಹಾಡು, ಅದೇ ತೊಟ್ಟಿಲು. ಆಮೇಲೆ ತಿಳಿಯಿತು: ಗೆರೆಗಳನ್ನು ಒತ್ತುವ ಲೋಹದ ಅಚ್ಚೇ ಯಂತ್ರದಲ್ಲಿ ಓರೆಯಾಗಿ ಕೂತಿದ್ದರೆ ಆ ಅಚ್ಚಿನಿಂದ ಬಂದ ತಟ್ಟೆಗಳೆಲ್ಲ ಓರೆಯೇ. ಒಂದು ಅಕ್ಷರದ ಮೊಳೆ ತಪ್ಪಿದರೆ ಸಾವಿರ ಪ್ರತಿಯಲ್ಲೂ ಅದೇ ತಪ್ಪು ಬರುತ್ತದೆ ಎಂಬುದನ್ನು ಅಚ್ಚುಕೂಟದ ಅನ್ನ ತಿಂದ ನಾನೇ ಊಹಿಸಬೇಕಿತ್ತು.

ಮೂರನೆಯ ಸಲ ಜಗಳ ಆಡುವ ಚೈತನ್ಯ ಉಳಿದಿರಲಿಲ್ಲ. ಉಗುರು ಉಜ್ಜುವ ಅರವನ್ನು ತೆಗೆದುಕೊಂಡು ತೂತನ್ನು ಒಂದಿಷ್ಟು ಅಗಲ ಮಾಡಿದೆ. ಈಗ ಎರಡನೆಯ ಬದಿ ಹಾಕಿದಾಗಲೆಲ್ಲ ತಟ್ಟೆಯನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸಿ, ತೋಳು ತೊನೆಯುತ್ತದೆಯೇ ನೋಡಿ, ಮತ್ತೆ ಎತ್ತಿ, ಮತ್ತೆ ಸರಿಸುತ್ತೇನೆ. ಕಾದ ಹೆಂಚಿನ ಮೇಲೆ ರೊಟ್ಟಿಯನ್ನು ಸರಿಸಿ ಸರಿಸಿ ಬೇಯಿಸಿದ ಕೈ ಇದು, ನಾಲ್ಕನೆಯ ಪ್ರಯತ್ನದ ಹೊತ್ತಿಗೆ ಸಾಮಾನ್ಯವಾಗಿ ಗೆಲ್ಲುತ್ತದೆ. ಮೊದಲ ಬದಿಗೆ ತಿರುಗಿಸಿದರೆ ಅದಕ್ಕೆ ಬೇರೆಯೇ ಹೊಂದಾಣಿಕೆ. ಎರಡನೆಯ ತಟ್ಟೆ, ಪುಣ್ಯಕ್ಕೆ, ನಿರ್ದೋಷಿ.

ಈ ಒದ್ದಾಟದಿಂದ ಆದ ಲಾಭವೆಂದರೆ ಎಲಾ ಮತ್ತು ಅನಿತಾ ನಡುವಿನ ಅಂತರ ಯಾವ ವಿಮರ್ಶೆಯಿಂದಲೂ ತಿಳಿಯದಷ್ಟು ಸ್ಪಷ್ಟವಾಗಿ ತಿಳಿದದ್ದು. ಬಾಲ್ಯದಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆ ಮಾಡುವಾಗ ಅನಿತಾ ಓಡೇ ಅವರ ಕಿರುನಾಲಿಗೆಯೂ ಕತ್ತರಿಸಿ ಹೋಯಿತಂತೆ. ಸ್ವರವನ್ನು ಎಳೆದು ನಿಲ್ಲಿಸುವುದು, ಅದಕ್ಕೆ ಕಂಪನ ಕೊಡುವುದು ಅವರಿಗೆ ಕಷ್ಟ. ಆದ್ದರಿಂದ ಉದ್ದ ಸ್ವರ ಬರಬೇಕಾದಲ್ಲಿ ಅವರು ಅದನ್ನು ಚೂರು ಚೂರು ಮಾಡಿ, ಒಗ್ಗರಣೆಯ ಸಾಸಿವೆಯಂತೆ ಪಟಪಟ ಸಿಡಿಸುತ್ತಾರೆ. ಇದೇ ಓರೆ ತೂತು ಅವರ ತಟ್ಟೆಗೆ ಬಿದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲವೇನೋ. ತೂಗಲು ಅಲ್ಲಿ ಉದ್ದನೆಯ ಸ್ವರವೇ ಇಲ್ಲ. ಕೊರತೆಯನ್ನೇ ಶೈಲಿಯಾಗಿ ಮಾಡಿಕೊಂಡ ಗಟ್ಟಿಗಿತ್ತಿ.

ಅನಿತಾ ಅವರದನ್ನು ನಾನು ಕೇಳುವುದು ಸಿಡಿಯಲ್ಲಿ, ಹಳೆಯ ಪುಸ್ತಕದಂಗಡಿಯೊಂದರಲ್ಲಿ 450 ರೂಪಾಯಿಗೆ ಸಿಕ್ಕಿದ್ದು. ಮೂಲ ಎಲ್‌ಪಿಯಲ್ಲಿದ್ದದ್ದು ಹನ್ನೆರಡೇ ಹಾಡು, ಒಂದೊಂದೂ ಚುಟುಕು. ಬೆಳಿಗ್ಗೆ ಇಡ್ಲಿ ಒಲೆಯ ಮೇಲಿಟ್ಟು ಹಚ್ಚಿದರೆ ಐದಾರು ಹಾಡು ಮುಗಿಯುವಷ್ಟರಲ್ಲಿ ಬೆಂದಿರುತ್ತದೆ. ಬಿಲ್ಲಿ ಮೇ ಅವರ ಟ್ರಂಪೆಟ್, ಟ್ರಾಂಬೋನ್‌ಗಳ ದಂಡು ಅಡುಗೆಮನೆಯ ಮಿಕ್ಸಿ ಸದ್ದಿಗೂ ಸೋಲುವುದಿಲ್ಲ. 'ಜಸ್ಟ್ ಒನ್ ಆಫ್ ದೋಸ್ ಥಿಂಗ್ಸ್' ಹಾಡನ್ನು ಅನಿತಾ ಓಡಿಸುವ ಪರಿಯಲ್ಲಿ ಮುಗಿದುಹೋದ ಪ್ರೇಮದ ಬಗ್ಗೆ ಯಾರಿಗೂ ಕಿಂಚಿತ್ತೂ ದುಃಖ ಉಳಿದಂತಿಲ್ಲ. ಅದೂ ಒಂದು ಅರ್ಥವೇ, ಪೋರ್ಟರ್‌ಗೂ ಒಪ್ಪಿಗೆಯಾಗುತ್ತಿತ್ತೇನೋ.

ಆದರೆ ಮಾತು? ಅದು ಅನಿತಾ ಕೈಯಲ್ಲಿ ಮೃದಂಗದ ಸೊಲ್ಲುಕಟ್ಟಿನಂತೆ. ತಾಳಕ್ಕೆ ಬೇಕಾದ ಕಡೆ ಒಡೆಯುತ್ತದೆ, ಬೇಡವಾದ ಕಡೆ ನುಂಗಿಹೋಗುತ್ತದೆ. ಮೊದಲೇ ಹಾಡು ಬಾಯಿಪಾಠ ಇರುವವರಿಗೆ ಇದು ಹಬ್ಬ. ಪೋರ್ಟರ್ ಅವರನ್ನು ಇಲ್ಲಿಂದಲೇ ಶುರು ಮಾಡುವವರು ಹಾಡಿದ ಅನಿತಾ ಅವರನ್ನು ನೆನಪಿಟ್ಟುಕೊಳ್ಳುತ್ತಾರೆ, ಬರೆದವರನ್ನಲ್ಲ.

ಎಲಾ ಅವರ ಸೆಟ್ಟಿನಲ್ಲಿ ಮೂವತ್ತೆರಡು ಹಾಡು. ಜಾಗ ಧಾರಾಳವಾಗಿರುವುದರಿಂದ ಎಷ್ಟೋ ಹಾಡುಗಳ ಪೀಠಿಕೆಯೂ ಉಳಿದುಕೊಂಡಿದೆ. ಆ ಕಾಲದ ನಾಟಕದ ಹಾಡುಗಳಿಗೆ ಮುಖ್ಯ ಭಾಗಕ್ಕೆ ಮೊದಲು ಮಾತಿನಂತೆ ಸಾಗುವ ಒಂದು ಮುನ್ನುಡಿ ಇರುತ್ತಿತ್ತು, ದೇವರನಾಮಕ್ಕೆ ಮೊದಲು ಉಗಾಭೋಗ ಇದ್ದಂತೆ. ಜಾಝ್ ಗಾಯಕರಲ್ಲಿ ಹೆಚ್ಚಿನವರು ಅದನ್ನು ಹಾರಿಸಿ ನೇರವಾಗಿ ಪಲ್ಲವಿಗೆ ಬರುತ್ತಾರೆ. 'ನೈಟ್ ಆ್ಯಂಡ್ ಡೇ' ಹಾಡಿನ ಉಗಾಭೋಗದಲ್ಲಿ ಒಂದೇ ಸ್ವರದ ಮೇಲೆ ಮಾತು ಟಪಟಪ ಬೀಳುತ್ತದೆ, ಡೋಲಿನ ಬಡಿತ, ಗಡಿಯಾರದ ಟಿಕ್‌ಟಿಕ್, ಮಳೆಹನಿಯ ಸದ್ದು ಎಂದು ಹೇಳುತ್ತಾ. ಅದನ್ನು ಕೇಳಿದ ಮೇಲೆ ಬರುವ ಪಲ್ಲವಿಯೇ ಬೇರೆ.

ಎಲಾ ಮೇಲೆ ಒಂದು ಹಳೆಯ ಆರೋಪವಿದೆ: ಹಾಡಿನ ಒಳಗಿಳಿಯುವುದಿಲ್ಲ, ನೋವಿನ ಹಾಡನ್ನೂ ತಿಳಿಯಾಗಿ ಹಾಡಿಬಿಡುತ್ತಾರೆ ಎಂದು. ಅದಕ್ಕೆ ನನ್ನ ಉತ್ತರ 'ಮಿಸ್ ಓಟಿಸ್ ರಿಗ್ರೆಟ್ಸ್'. ಮಿಸ್ ಓಟಿಸ್ ಅವರು ಇಂದು ಊಟಕ್ಕೆ ಬರಲಾಗದ್ದಕ್ಕೆ ವಿಷಾದಿಸುತ್ತಾರೆ ಎಂದು ಮನೆಯ ಆಳೊಬ್ಬರು ಅತಿಥಿಗೆ ವಿನಯದಿಂದ ತಿಳಿಸುವ ಹಾಡು ಇದು. ಯಾಕೆ ಬರಲಾಗದು? ಮೋಸ ಮಾಡಿದ ಪ್ರಿಯಕರನನ್ನು ಆಕೆ ಗುಂಡಿಟ್ಟು ಕೊಂದಿದ್ದಾರೆ, ಜನ ಸೆರೆಮನೆಗೆ ನುಗ್ಗಿ ಆಕೆಯನ್ನು ಎಳೆದು ಮರಕ್ಕೆ ನೇತುಹಾಕಿದ್ದಾರೆ. ವಾದ್ಯವೃಂದವೆಲ್ಲ ಇಲ್ಲಿ ಹಿಂದೆ ಸರಿದಿದೆ, ಇರುವುದು ಪಿಯಾನೊ ಒಂದೇ. ಎಲಾ ದನಿ ಎಲ್ಲೂ ನಡುಗುವುದಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ ಕೊಲೆಯ ಸುದ್ದಿಯನ್ನೂ ಹೇಳಿ ಮುಗಿಸುತ್ತಾರೆ. ಅತ್ತು ಕರೆದು ಹಾಡಿದ್ದರೆ ಹಾಡು ಸತ್ತೇಹೋಗುತ್ತಿತ್ತು. ಉಳಿದೆರಡು ಆಲ್ಬಮ್‌ಗಳಲ್ಲಿ ಈ ಹಾಡೇ ಇಲ್ಲ.

ದೂರಬೇಕೆಂದರೆ ಇಲ್ಲಿಯೂ ಸಿಗುತ್ತದೆ. ವಾದ್ಯಸಂಯೋಜನೆ ಮಾಡಿದ ಬಡಿ ಬ್ರೆಗ್‌ಮನ್‌ಗೆ ಆಗ ಇಪ್ಪತ್ತೈದು ವರ್ಷ. ತಂತಿವಾದ್ಯಗಳ ಸಕ್ಕರೆ ಪಾಕ ಕೆಲವು ಕಡೆ ಹದ ಮೀರಿದೆ. ಧ್ವನಿಮುದ್ರಣ ಮೋನೊ, ಅಂದರೆ ಎಡಬಲ ಬೇರೆಯಿಲ್ಲದ ಒಂದೇ ಧಾರೆ. ನನ್ನ ಪ್ಲೇಯರ್‌ಗೆ ಅದರಿಂದ ಏನೂ ನಷ್ಟವಿಲ್ಲ. ಒಟ್ಟಿಗೆ ಕೇಳಿದರೆ ಮೂವತ್ತೆರಡು ಅತಿಯಾಗುತ್ತದೆ. ನಾನು ರಾತ್ರಿಗೆ ಒಂದೇ ಬದಿ.

ಬೆನೆಟ್ ಮತ್ತು ಗಾಗಾ ಅವರ ಆಲ್ಬಮ್ ಅಕ್ಕನ ಮಗನ ಉಡುಗೊರೆ, ನನ್ನ ತಟ್ಟೆಯ ಕಷ್ಟ ನೋಡಲಾರದೆ ತಂದದ್ದು. ಅಚ್ಚು ಚೊಕ್ಕ, ತೂತು ಸರಿಯಾಗಿ ನಡುವಿನಲ್ಲಿದೆ. ಗಾಗಾ ಇಷ್ಟು ಚೆನ್ನಾಗಿ ಹಾಡುತ್ತಾರೆಂದು ನಾನು ಎಣಿಸಿರಲಿಲ್ಲ, ಆದರೂ ಒಮ್ಮೊಮ್ಮೆ ಸಭೆಯ ಕೊನೆಯ ಸಾಲಿನವರಿಗೂ ಕೇಳಲಿ ಎಂಬಂತೆ ದನಿ ಎತ್ತುತ್ತಾರೆ. ಬೆನೆಟ್ ಅವರಿಗೆ ಅಲ್ಝೈಮರ್ ಕಾಯಿಲೆ ಇದೆಯೆಂದು ಗೊತ್ತಾದದ್ದು 2016ರಲ್ಲಿ. ಈ ಹಾಡುಗಳ ಧ್ವನಿಮುದ್ರಣ ನಡೆದದ್ದು ಅದಾದ ಮೇಲೆ, 2018ರಿಂದ 2020ರ ನಡುವೆ. ಬಿಡುಗಡೆಯಾದಾಗ ಅವರಿಗೆ ತೊಂಬತ್ತೈದು ತುಂಬಿತ್ತು. ಅವರದು ಇದೇ ಕೊನೆಯ ಆಲ್ಬಮ್. 2023ರ ಜುಲೈನಲ್ಲಿ ತೀರಿಕೊಂಡರು. ನಮ್ಮ ಅತ್ತೆಯವರು ಕೊನೆಕೊನೆಗೆ ನನ್ನ ಹೆಸರನ್ನು ಮರೆತಿದ್ದರು, ಆರತಿ ಹಾಡಿನ ಒಂದು ಸಾಲನ್ನೂ ಮರೆತಿರಲಿಲ್ಲ. ಹಾಗಾಗಿ ಈ ಆಲ್ಬಮ್ ಹಾಕಿದರೆ ನನ್ನ ಗಮನ ಪೋರ್ಟರ್ ಮೇಲೆ ನಿಲ್ಲುವುದೇ ಇಲ್ಲ. ಬೆನೆಟ್ ಒಂದೊಂದು ಸಾಲನ್ನು ಮುಗಿಸಿದಾಗಲೂ ಅಬ್ಬಾ ದಾಟಿದರು ಎಂದು ಉಸಿರು ಬಿಡುತ್ತೇನೆ. ಇಂಥ ಕಿವಿಯಿಂದ ಅಂಕ ಕೊಡುವುದು ನ್ಯಾಯವಲ್ಲ. ವರ್ಷಕ್ಕೆ ಎರಡು ಸಲ ಕೇಳುತ್ತೇನೆ, ಅಷ್ಟೇ.

ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ: ಕೈಯಲ್ಲಿ ಐನೂರೇ ಇದ್ದರೆ ಅನಿತಾ ಅವರ ಹಳೆಯ ಸಿಡಿ ಹುಡುಕಿ, ಬೆಳಗಿನ ಹೊತ್ತಿಗೆ ಅದಕ್ಕೆ ಸಮನಾದದ್ದಿಲ್ಲ. ಇಂಗ್ಲಿಷ್ ಹಾಡಿನ ಮಾತು ಕಿವಿಗೆ ಹತ್ತುವುದಿಲ್ಲ ಎಂದು ಹಿಂಜರಿಯುವ ನನ್ನಂಥವರಾದರೆ ಎಲಾ ಅವರನ್ನೇ ಕೊಳ್ಳಿ. ಪ್ಲೇಯರ್ ಮನೆಯಲ್ಲಿ ಇಲ್ಲದಿದ್ದರೆ ಎಲ್‌ಪಿಯ ಗೋಜಿಗೆ ಹೋಗಬೇಡಿ, ಸಿಡಿಗೆ ಓರೆ ತೂತಿನ ಭಯವಿಲ್ಲ, ಅಕ್ಕನ ಮಗ ಹೇಳಿದ ಮೊಬೈಲ್‌ಗೂ ಇಲ್ಲ. ಎಲ್‌ಪಿಯೇ ಬೇಕು ಎಂಬ ಹಟಮಾರಿಗಳು ದುಡ್ಡು ಕೊಡುವ ಮುನ್ನ ಎರಡನೆಯ ಬದಿಯ ಮೂರನೆಯ ಹಾಡು ತಿರುಗುವಾಗ ತೋಳಿನ ವೀಡಿಯೊ ಕಳುಹಿಸಿ ಎಂದು ಅಂಗಡಿಯವರನ್ನೇ ಕೇಳಿ. ಈ ಸಲ ಫೋಟೊ ತೆಗೆಯುವ ಪಾಳಿ ಅವರದಾಗಲಿ.